ಗರಗಸದ ಗದ್ದಲದಲ್ಲಿ ಹಾಡು ಕೇಳುವುದು

ಮರಗೆಲಸದ ಶೆಡ್ಡು, ಫ್ಯಾಬ್ರಿಕೇಶನ್ ಅಂಗಡಿ, ಗ್ಯಾರೇಜು ಎಲ್ಲಿ ನೋಡಿದರೂ ಈಗ ಹುಡುಗರ ಕೊರಳಲ್ಲೊಂದು ನೆಕ್‌ಬ್ಯಾಂಡ್. ಗ್ರೈಂಡರ್ ಶುರುವಾಯಿತೆಂದರೆ ಬೆರಳು ತಾನಾಗಿಯೇ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಹೊರಗಿನ ಗದ್ದಲ ಸಾಲದೆಂಬಂತೆ ಒಳಗೆ ಹಾಡಿನ ಗದ್ದಲ. ಕಿವಿಗೆ ಏನೋ ತುರುಕಿಕೊಂಡಿದ್ದೇನಲ್ಲ, ಕಿವಿ ಕ್ಷೇಮವಾಗಿರುತ್ತದೆ ಎಂಬ ಧೈರ್ಯ ಬೇರೆ. ಕೆಲಸದ ಜಾಗದಲ್ಲಿ ಹಾಡು ಚೆನ್ನಾಗಿ ಕೇಳಬೇಕಾದರೆ ಮೊದಲು ನೋಡಬೇಕಾದ್ದು ಸ್ಪೀಕರನ್ನಲ್ಲ, ಆ ಸಾಧನ ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂಬುದನ್ನು.

ಸರ್ಕ್ಯುಲರ್ ಸಾ, ಆಂಗಲ್ ಗ್ರೈಂಡರ್ ಹಿಡಿದವರ ಕಿವಿಗೆ ಸುಮಾರು 100 ಡೆಸಿಬೆಲ್ ಸದ್ದು ಬೀಳುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಶ್ ಹಾಕಿರುವ ಲೆಕ್ಕದಲ್ಲಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100ಕ್ಕೆ ಬಂದಾಗ ಉಳಿಯುವುದು 15 ನಿಮಿಷ. ಒಂದು ವಾರ್ಡ್‌ರೋಬಿಗೆ ಪ್ಲೈವುಡ್ ಕೊಯ್ಯಲು ಅಷ್ಟು ಹೊತ್ತು ಸಾಲುವುದಿಲ್ಲ. ನಮ್ಮಲ್ಲೂ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸದ್ದಿನಿಂದ ಬರುವ ಕಿವುಡಿಗೆ ಜಾಗ ಸಿಕ್ಕಿತ್ತು. ಆದರೆ ಮೂರು ಮತ್ತೊಂದು ಜನ ಕೆಲಸ ಮಾಡುವ ಬಡಗಿಯ ಅಂಗಡಿ ಯಾವ ಇನ್‌ಸ್ಪೆಕ್ಟರರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಕಿವಿಯ ಯೋಗಕ್ಷೇಮ ಕಿವಿಯವರದೇ.

ಒಳಗಿವಿಯ ಕೇಶಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲ ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಸ್ವರಗಳಿಗೆ. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಮನೆಯವರು ಮಾತಾಡಿದ್ದು ಕೇಳಿಸುತ್ತದೆ, ಏನೆಂದರು ಎಂಬುದು ತಿಳಿಯುವುದಿಲ್ಲ. ಭಜನೆಯ ತಾಳದ ಝಣಕು, ತಂಬೂರಿಯ ಮೇಲುನಾದ ಇವೂ ಅದೇ ಸಾಲಿನವು. ಸಂಗೀತ ಪ್ರಿಯರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಕಿವಿ ಕಾಯುವ ಸಾಧನದ ಡಬ್ಬಿಯ ಮೇಲಿನ ಅಂಕಿಗೆ ಬರೋಣ. ಅಮೆರಿಕದ ಮಾಲಿನಲ್ಲಿ ಎನ್‌ಆರ್‌ಆರ್, ಯುರೋಪಿನದರಲ್ಲಿ ಎಸ್‌ಎನ್‌ಆರ್ ಎಂಬ ಹೆಸರಿನಲ್ಲಿ ಅದು ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಬರೆದಿರುತ್ತದೆ. ಎರಡನ್ನೂ ಅಳೆಯುವ ರೀತಿ ಬೇರೆಬೇರೆ, ಒಂದರ ಪಕ್ಕ ಇನ್ನೊಂದನ್ನಿಟ್ಟು ಹೋಲಿಸಬೇಡಿ. ಅದೂ ಪ್ರಯೋಗಾಲಯದಲ್ಲಿ, ನೀಟಾಗಿ ತೊಡಿಸಿ ಅಳೆದದ್ದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯವರು ಎನ್‌ಆರ್‌ಆರ್ ಅಂಕಿಯಿಂದ 7 ಕಳೆದು, ಉಳಿದದ್ದರಲ್ಲಿ ಅರ್ಧವನ್ನು ಮಾತ್ರ ನಂಬುವ ರೂಢಿ ಇಟ್ಟುಕೊಂಡಿದ್ದಾರೆ. 24 ಎಂದು ಬರೆದಿದ್ದರೆ ಸಿಗುವುದು ಎಂಟೂವರೆ. 100 ಡೆಸಿಬೆಲ್ಲಿನ ಗರಗಸ ಕಿವಿಯೊಳಗೆ ಸುಮಾರು 91 ಆಗುತ್ತದೆ. ಇದು ಕಂಜೂಸು ಲೆಕ್ಕವೇ, ಆದರೆ ಕಿವಿಯ ವಿಷಯದಲ್ಲಿ ಕಂಜೂಸಾಗಿರುವುದೇ ಸರಿ. ಅಂಕಿಯೇ ಇಲ್ಲದೆ ಬರೀ ‘ನಾಯ್ಸ್ ಕ್ಯಾನ್ಸಲಿಂಗ್’ ಎಂದಿರುವುದನ್ನು ರಕ್ಷಣೆಯ ಸಾಧನವೆಂದು ಕೊಳ್ಳಬೇಡಿ. ಹೊರಗಿನ ಅಲೆಗೆ ಎದುರಲೆ ಹುಟ್ಟಿಸುವ ಆ ತಂತ್ರ ಬಸ್ಸಿನ ಎಂಜಿನ್, ಫ್ಯಾನಿನಂಥ ತಗ್ಗು ಸದ್ದಿಗೆ ಚೆನ್ನ. ಸಾವಿರ ಹರ್ಟ್ಸ್ ದಾಟಿದ ಬ್ಲೇಡಿನ ಕಿರುಚಾಟವನ್ನು ತಡೆಯುವುದು ಕಿವಿಯ ಸಂದು ಮುಚ್ಚುವ ಸ್ಪಂಜು, ಕುಶನ್ನುಗಳೇ.

ಇನ್ನೊಂದು ಅಂಕಿಯೂ ಬೇಕು: ಹಾಡಿನ ಗರಿಷ್ಠ ಮಟ್ಟ. 3ಎಂ ಕಂಪನಿಯ ವರ್ಕ್‌ಟ್ಯೂನ್ಸ್ ಇಯರ್‌ಮಫ್ಫುಗಳಲ್ಲಿ ಅದನ್ನು 82 ಡೆಸಿಬೆಲ್ಲಿಗೆ, ಐಸೋಟ್ಯೂನ್ಸ್ ಕಂಪನಿಯ ಕೆಲವು ಇಯರ್‌ಪ್ಲಗ್ಗುಗಳಲ್ಲಿ 85ಕ್ಕೆ ಕಟ್ಟಿಹಾಕಿರುತ್ತಾರೆ. ‘ಸೌಂಡೇ ಬರಲ್ಲ’ ಎಂದು ಗ್ರಾಹಕರು ದೂರುವುದು ಇದನ್ನೇ. ನನ್ನ ಮಟ್ಟಿಗೆ ಇದು ದೋಷವಲ್ಲ, ಅಳತೆಗೋಲು. ಗರಗಸ ಒಳಗೆ 91ಕ್ಕೆ ನುಗ್ಗುತ್ತಿದ್ದರೆ 82ರ ಹಾಡು ಮುಳುಗಲೇಬೇಕು. ಹಾಡು ಮುಳುಗಿತೆಂದರೆ ಎಲ್ಲೋ ಸಂದು ಬಿಟ್ಟಿದೆ, ಇಲ್ಲವೇ ಆ ಯಂತ್ರಕ್ಕೆ ಈ ಸಾಧನ ಸಾಲದು ಎಂದರ್ಥ. ಮಿತಿಯಿಲ್ಲದ ಇಯರ್‌ಬಡ್ಡಿನಲ್ಲಿ ಈ ಸೂಚನೆ ಸಿಗುವುದಿಲ್ಲ. ವಾಲ್ಯೂಮ್ ಏರಿಸುತ್ತ 95ಕ್ಕೆ ಹೋದರೆ ಹಾಡೊಂದೇ ದಿನದ ಪಾಲನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಡುತ್ತದೆ.

ಸಂದು ಬಿಡಿಸುವ ಮೊದಲ ಕಳ್ಳ ಕನ್ನಡಕ. ಅದರ ಕಡ್ಡಿ ಮಫ್ಫಿನ ಕುಶನ್ನನ್ನು ಎತ್ತಿಹಿಡಿದು ಕೆಲವು ಡೆಸಿಬೆಲ್ ಒಳಗೆ ಬಿಡುತ್ತದೆ. ಅದೇ ಸಂದಿಯಿಂದ ಹಾಡಿನ ಮಂದ್ರವೂ ಸೋರಿಹೋಗುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಮೃದಂಗದ ತನಿ ಆವರ್ತನವೊಂದನ್ನು ಹಾಕಿ, ಕನ್ನಡಕ ತೊಟ್ಟು ಒಮ್ಮೆ, ತೆಗೆದು ಒಮ್ಮೆ ಕೇಳಿ. ಎಡಗೈಯ ಗುಮಿಕಿ ಕನ್ನಡಕದ ಜೊತೆ ಮಾಯವಾದರೆ ಆ ಮಫ್ ನಿಮ್ಮ ತಲೆಗೆ ಹೊಂದುವುದಿಲ್ಲ. ತೆಳುವಾದ, ಚಪ್ಪಟೆ ಕಡ್ಡಿಯ ಸುರಕ್ಷತಾ ಕನ್ನಡಕ ತೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಹಾಡಿನ ಗುಣವೇ ಮುಖ್ಯವೆಂದರೆ ನನ್ನ ಮತ ಸ್ಪಂಜು ತುದಿಯ ವೈರ್‌ಲೆಸ್ ಇಯರ್‌ಪ್ಲಗ್ಗಿಗೆ. ಮಫ್ಫುಗಳ ಸ್ಪೀಕರ್ ಸಾಮಾನ್ಯವಾಗಿ ಮಾತಿಗೆ, ರೇಡಿಯೋಗೆ ಸಾಕು, ಸಂಗೀತಕ್ಕೆ ತುಸು ಡಬ್ಬಿ ದನಿ. ಪ್ಲಗ್ ಸರಿಯಾಗಿ ಕೂತರೆ ಮಂದ್ರ ತುಂಬಿ ಬರುತ್ತದೆ, ಕನ್ನಡಕದ ಕಾಟವಿಲ್ಲ, ಏಪ್ರಿಲ್ಲಿನಲ್ಲಿ ತಗಡಿನ ಶೆಡ್ಡಿನಡಿ ಕಿವಿ ಬೇಯುವುದೂ ಇಲ್ಲ. ಆದರೆ ಕೂರಿಸುವುದನ್ನು ಕಲಿಯಬೇಕು: ಸ್ಪಂಜನ್ನು ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿಹಿಡಿಯಬೇಕು. ರಂದದ ಯಂತ್ರದ ಮುಂದೆ ದಿನವಿಡೀ ನಿಲ್ಲುವವರು ಪ್ಲಗ್ಗಿನ ಮೇಲೆ ಹಾಡಿಲ್ಲದ ಸಾದಾ ಮಫ್ ಹಾಕಿಕೊಳ್ಳಲಿ. ಎರಡರ ಅಂಕಿಯನ್ನು ಕೂಡಿಸುವಂತಿಲ್ಲ; ದೊಡ್ಡದಕ್ಕೆ ಸುಮಾರು 5 ಡೆಸಿಬೆಲ್ ಸೇರಿಸಿಕೊಳ್ಳಬಹುದು.

ಬ್ಲೂಟೂತ್ ಕೋಡೆಕ್ಕಿನ ಹೆಸರುಗಳಿಗೆ ಮರುಳಾಗಬೇಡಿ. ಪ್ಲೈವುಡ್ ಕೊಯ್ಯುವಾಗ ಎಸ್‌ಬಿಸಿಗೂ ಆಪ್ಟ್‌ಎಕ್ಸಿಗೂ ವ್ಯತ್ಯಾಸ ಹಿಡಿಯುವ ಕಿವಿ ಇದ್ದರೆ ಅದನ್ನು ಕಛೇರಿಗೇ ಮೀಸಲಿಡುವುದು ಒಳ್ಳೆಯದು. ಫೋನಿನ ಈಕ್ವಲೈಸರ್ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಸದ್ದು ತಗ್ಗಿದಂತೆ ಕಿವಿಗೆ ಮಂದ್ರ ಕಡಿಮೆ ಕೇಳುತ್ತದೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ವಾಲ್ಯೂಮ್ ಮುಟ್ಟದೆ ಬಾಸ್ ಒಂದು ಮೆಟ್ಟಿಲು ಏರಿಸಿ ನೋಡಿ, ಹಾಡು ತುಂಬಿಕೊಳ್ಳುತ್ತದೆ.

ಯಾವಾಗ ಕೇಳುವುದು ಎಂಬುದೂ ಆಯ್ಕೆಯ ಭಾಗವೇ. ಲೇತ್, ಡ್ರಿಲ್ ಪ್ರೆಸ್ ಬಳಿ ನೆಕ್‌ಬ್ಯಾಂಡಿನ ವೈರು ತೂಗುತ್ತಿದ್ದರೆ ತಿರುಗುವ ಸ್ಪಿಂಡಲ್ ಅದನ್ನು ಸುತ್ತಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ವೈರೇ ಇಲ್ಲದ್ದು ಬೇಕು. ಗರಗಸಕ್ಕೆ ಮರ ಒಡ್ಡುವಾಗ ಹಾಡು ನಿಲ್ಲಿಸಿ. ಬ್ಲೇಡು ತಿಣುಕುವುದು, ಮರ ಹಿಂದಕ್ಕೆ ಒದೆಯುವ ಮುನ್ನ ಮೋಟರಿನ ದನಿ ಬದಲಾಗುವುದು, ‘ಅಣ್ಣಾ, ನಿಲ್ಸು’ ಎಂಬ ಕೂಗು ಇವು ಕಿವಿಗೆ ಬೀಳಬೇಕು. ಸ್ಯಾಂಡರ್ ಹಿಡಿದು ಬಾಗಿಲು ಉಜ್ಜುವ ಗಂಟೆಗಳು ಹಾಡಿಗೆ ಸರಿ. ಹೊರಗಿನ ಮಾತನ್ನು ಮೈಕಿನಲ್ಲಿ ಹಿಡಿದು, ಕಿವಿಗೆ ಹಾನಿ ಮಾಡುವ ಸದ್ದನ್ನು ಮಾತ್ರ ಕತ್ತರಿಸಿ ಒಳಗೆ ಕೊಡುವ ಮಾದರಿಗಳೂ ಇವೆ. ಒಬ್ಬರೇ ಕೆಲಸ ಮಾಡದ ಕಡೆ ಅದಕ್ಕೆ ಹೆಚ್ಚಿನ ಹಣ ಕೊಟ್ಟರೂ ದಂಡವಲ್ಲ.

ಬೆವರಿಗೂ ಮರದ ಹುಡಿಗೂ ಸಿಕ್ಕಿ ಮಫ್ಫಿನ ಕುಶನ್ ಗಟ್ಟಿಯಾಗುತ್ತದೆ, ಸೀಳುತ್ತದೆ. ದಿನಾ ತೊಡುವವರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಪ್ಲಗ್ಗಿನ ಸ್ಪಂಜು ತುದಿಗೆ ಇನ್ನೂ ಕಡಿಮೆ ಆಯಸ್ಸು. ದುಡ್ಡು ಕೊಡುವ ಮೊದಲೇ ಇವು ಬಿಡಿಯಾಗಿ ಸಿಗುತ್ತವೆಯೇ, ಬೆಲೆ ಎಷ್ಟು ಎಂದು ಕೇಳಿ. ಸಿಗುವುದಿಲ್ಲವೆಂದರೆ ಬೇರೆ ಮಾದರಿ ನೋಡಿ.