ಸುಂಕವಿಲ್ಲ, ಆದರೂ ಖರ್ಚು ತಪ್ಪಲಿಲ್ಲ

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ಬಿಟ್ಟಿತು. ಹಳೆಯ ವ್ಯಾಪಾರ ನಿಯಮಗಳು ಆ ವರ್ಷದ ಡಿಸೆಂಬರ್ 31ರವರೆಗೆ ನಡೆದವು. ಆಮೇಲೆ ಏನಾಯಿತೆಂಬುದನ್ನು ಬೆಳೆಗಾರರಾದ ನಾವು ತಿಳಿದಿರುವುದು ಒಳ್ಳೆಯದು.

ಹೊಸ ಒಪ್ಪಂದದಂತೆ ಪರಸ್ಪರರ ಉತ್ಪನ್ನಗಳ ಮೇಲೆ ಸುಂಕ ಬೀಳಲಿಲ್ಲ. ಆದರೆ ಸರಕು ಎಲ್ಲಿಯದೆಂಬ ರುಜುವಾತು ಮತ್ತು ಕಸ್ಟಮ್ಸ್ ಕಾಗದಪತ್ರ ಬೇಕಾದವು. ಒಕ್ಕೂಟಕ್ಕೆ ಕಳಿಸುವ ಮಾಂಸ, ಹಾಲಿನ ಪದಾರ್ಥಗಳಿಗೆ ಆರೋಗ್ಯ ಪ್ರಮಾಣಪತ್ರವೂ ಬೇಕಾಯಿತು. ಈ ಕಾಗದದ ಖರ್ಚು ಹತ್ತು ಪೆಟ್ಟಿಗೆಗೂ ನೂರು ಪೆಟ್ಟಿಗೆಗೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಸಣ್ಣವರಿಗೆ.

ವೇಲ್ಸಿನ ಚಿಪ್ಪುಮೀನಿನವರ ಪಾಡು ನೋಡಿ. ಕಡಲು ಅದೇ, ಮಾಲೂ ಅದೇ. ಆದರೂ ಎರಡನೇ ದರ್ಜೆಯ ನೀರಿನಲ್ಲಿ ಬೆಳೆದ ಜೀವಂತ ಚಿಪ್ಪುಮೀನನ್ನು ಶುದ್ಧಗೊಳಿಸದೆ ಕಳಿಸುವುದು 2021ರಲ್ಲಿ ನಿಂತುಹೋಯಿತು. ಫ್ರಾನ್ಸಿಗೆ ದಾಟುವ ಲಾರಿ ಚಾಲಕನು ಬುತ್ತಿಯಲ್ಲಿ ಮಾಂಸ ಒಯ್ಯುವುದಕ್ಕೂ ತಡೆ ಬಂತು. ಕೊನೆಗೆ 2025ರ ಮೇ ತಿಂಗಳಲ್ಲಿ, ಆಹಾರ ಪದಾರ್ಥಗಳ ತಪಾಸಣೆ ತಗ್ಗಿಸುವ ಒಪ್ಪಂದಕ್ಕಾಗಿ ಮಾತುಕತೆಗೆ ಎರಡೂ ಕಡೆಯವರು ಸಮ್ಮತಿಸಿದರು.

ನಮ್ಮ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಮಾಲು ಚೆನ್ನಾಗಿದ್ದರಷ್ಟೇ ಸಾಲದು, ಕಾಗದವೂ ಸರಿಯಿರಬೇಕು. ತೋಟದ ದಾಖಲೆ, ಮಾರಾಟದ ರಸೀದಿಗಳನ್ನು ಜೋಪಾನವಾಗಿಡೋಣ. ಒಬ್ಬೊಬ್ಬರಿಗೆ ಹೊರೆಯಾಗುವ ಕೆಲಸ ಸಂಘದ ಮೂಲಕ ಹಗುರವಾದೀತು.