ರೋಗಿಯ ಮಾತು, ವೈದ್ಯನ ಕಿವಿ

ರೋಗಕ್ಕೆ ದೇಶಭೇದವಿಲ್ಲವೆಂದು ಹೇಳುವುದುಂಟು. ಆದರೆ ರೋಗಿಗೆ ಒಂದು ಭಾಷೆಯುಂಟು. ‘ಕಾಲು ಜೋಮು ಹಿಡಿದಿದೆ’, ‘ಹೊಟ್ಟೆ ತೊಳಸುತ್ತದೆ’, ‘ಎದೆ ಹಿಂಡಿದಂತಾಗುತ್ತದೆ’ ಎಂದು ನಾವು ವೈದ್ಯರ ಮುಂದೆ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಇವುಗಳಲ್ಲಿ ಒಂದು ಮಾತನ್ನೂ ಅರಿಯದ ವೈದ್ಯನೆದುರು ಕುಳಿತರೆ ನಮ್ಮ ಗತಿಯೇನು? ಏಷ್ಯದಿಂದ ಅಮೆರಿಕಕ್ಕೆ ವಲಸೆ ಹೋದ ಅಸಂಖ್ಯ ಬಡ ಸಂಸಾರಗಳಿಗೆ ಇದು ದಿನನಿತ್ಯದ ಪ್ರಶ್ನೆ.

1882ರ ಕಾನೂನೊಂದು ಚೀನೀ ಕೂಲಿಗಾರರಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತು. ಅದು ರದ್ದಾದುದು 1943ರಲ್ಲಿ. 1965ರ ವಲಸೆ ಕಾನೂನಿನಿಂದ ಬಾಗಿಲು ಅಗಲವಾಗಿ ತೆರೆಯಿತು. 1975ರಲ್ಲಿ ವಿಯೆಟ್ನಾಂ ಯುದ್ಧ ಕೊನೆಗೊಂಡ ಮೇಲೆ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್ ದೇಶಗಳ ನಿರಾಶ್ರಿತರು ತಂಡತಂಡವಾಗಿ ಬಂದಿಳಿದರು. ಹೋಟೆಲಿನ ಅಡಿಗೆಮನೆಗಳಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಅನೇಕರಿಗೆ ಕೆಲಸ ಸಿಕ್ಕಿತು. ಕಾಯಿಲೆ ಬಿದ್ದಾಗ ಮಾತ್ರ ಅವರಿಗೆ ಮಾತು ಸಿಕ್ಕಲಿಲ್ಲ.

ಈ ಕೊರತೆಯನ್ನು ಮೊದಲು ಕಂಡವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್ ನಗರದಲ್ಲಿ 1974ರಲ್ಲಿ ವಿದ್ಯಾರ್ಥಿಗಳೂ ಸ್ವಯಂಸೇವಕರೂ ಸೇರಿ ‘ಏಷ್ಯನ್ ಹೆಲ್ತ್ ಸರ್ವಿಸಸ್’ ಎಂಬ ಸಣ್ಣ ಚಿಕಿತ್ಸಾಲಯವನ್ನು ತೆರೆದರು. ಅದು ಬೆಳೆದು ಈಗ ಹತ್ತಕ್ಕೂ ಹೆಚ್ಚು ಏಷ್ಯನ್ ಭಾಷೆಗಳಲ್ಲಿ ರೋಗಿಗಳನ್ನು ಉಪಚರಿಸುತ್ತದೆ. ನ್ಯೂಯಾರ್ಕ್, ಬಾಸ್ಟನ್, ಸಿಯಾಟಲ್ ನಗರಗಳಲ್ಲಿಯೂ ಇಂತಹ ಕೇಂದ್ರಗಳು 1970ರ ದಶಕದ ಆರಂಭದಲ್ಲಿಯೇ ಹುಟ್ಟಿದವು. ಕೇಂದ್ರ ಸರ್ಕಾರದ ನೆರವು ಪಡೆಯುವ ಇಂತಹ ಕೇಂದ್ರಗಳಿಗೆ ಎರಡು ಸೊಗಸಾದ ನಿಯಮಗಳಿವೆ. ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಯ ರೋಗಿಗಳೇ ಆಗಿರಬೇಕು.

ವಿದ್ಯಾರ್ಥಿಯ ಕೆಲಸ

ಇಂದಿಗೂ ಇಂತಹ ಕೇಂದ್ರಗಳಿಗೆ ಕಾಲೇಜಿನ ತರುಣ ತರುಣಿಯರು ಅನುಭವಕ್ಕಾಗಿ ಬರುತ್ತಾರೆ. ಇಂಟರ್ನ್ ಎಂದು ಅವರನ್ನು ಕರೆಯುತ್ತಾರೆ. ಅನೇಕರು ವಲಸೆ ಬಂದವರ ಮಕ್ಕಳೇ. ಮನೆಯಲ್ಲಿ ಕ್ಯಾಂಟನೀಸ್ ಅಥವಾ ವಿಯೆಟ್ನಾಮೀ, ಹೊರಗೆ ಇಂಗ್ಲಿಷ್. ಅರ್ಜಿ ತುಂಬಿಸುವುದು, ದೂರವಾಣಿಯಲ್ಲಿ ಮುಂದಿನ ಭೇಟಿಯ ದಿನವನ್ನು ನೆನಪಿಸುವುದು, ದಿಕ್ಕು ತೋಚದೆ ನಿಂತ ಮುದುಕರನ್ನು ಸರಿಯಾದ ಕೊಠಡಿಗೆ ಕರೆದೊಯ್ಯುವುದು—ಇವು ಸಣ್ಣ ಕೆಲಸಗಳೆಂದು ತೋರಬಹುದು. ಆದರೆ ತನ್ನ ಭಾಷೆಯಲ್ಲಿ ‘ಬನ್ನಿ, ಕುಳಿತುಕೊಳ್ಳಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ರೋಗಿಯ ಅರ್ಧ ಭಯ ಇಳಿಯುತ್ತದೆ.

ಎರಡು ಭಾಷೆ ಬಲ್ಲವರೆಲ್ಲರೂ ದುಭಾಷಿಗಳಾಗಲಾರರು. ಅದಕ್ಕೆ ಬೇರೆಯೇ ತರಬೇತಿ ಬೇಕು. ಏನನ್ನೂ ಬಿಡಬಾರದು, ಏನನ್ನೂ ಸೇರಿಸಬಾರದು, ಕೇಳಿದುದನ್ನು ಹೊರಗೆ ಆಡಬಾರದು. ರೋಗಿ ‘ನನಗೆ ನೋವು’ ಎಂದರೆ ದುಭಾಷಿಯೂ ‘ನನಗೆ ನೋವು’ ಎಂದೇ ನುಡಿಯಬೇಕು. ನಮ್ಮ ಕನ್ನಡದ ‘ಅಂತೆ’ ಎಂಬ ಪ್ರತ್ಯಯಕ್ಕೆ ಅಲ್ಲಿ ಎಡೆಯಿಲ್ಲ. ‘ನೋವಂತೆ’ ಎಂದೊಡನೆ ರೋಗಿ ದೂರ ಸರಿದು, ದುಭಾಷಿ ನಡುವೆ ಬಂದು ನಿಲ್ಲುತ್ತಾನೆ.

ಪದಗಳಾಚೆಗೂ ತಿಳಿಯಬೇಕಾದುದುಂಟು. ಜ್ವರ, ನೆಗಡಿ ಬಂದಾಗ ವಿಯೆಟ್ನಾಮಿನ ತಾಯಂದಿರು ಮಗುವಿನ ಬೆನ್ನಿಗೆ ಎಣ್ಣೆ ಸವರಿ, ನಾಣ್ಯದ ಅಂಚಿನಿಂದ ಉಜ್ಜುತ್ತಾರೆ. ‘ಕಾವ್ ಝೋ’ ಎಂದು ಅದರ ಹೆಸರು. ಮೈಹೊಕ್ಕ ಗಾಳಿಯನ್ನು ಕೆರೆದು ತೆಗೆಯುವುದೆಂದು ಅರ್ಥ. ಬೆನ್ನಿನ ಮೇಲೆ ಕೆಂಪು ಬರೆಗಳು ಮೂಡುತ್ತವೆ. ಇದನ್ನರಿಯದ ವೈದ್ಯರು ತಂದೆತಾಯಿಗಳೇ ಮಗುವನ್ನು ಹೊಡೆದರೆಂದು ಸಂಶಯಪಟ್ಟ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಆ ಪದ್ಧತಿಯನ್ನು ಬಲ್ಲವರೊಬ್ಬರು ಬಳಿಯಿದ್ದರೆ ಒಂದು ಸಂಸಾರದ ಮಾನ ಉಳಿಯುತ್ತದೆ.

ಮಾತು ತಪ್ಪಿದಾಗ

ದುಭಾಷಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಆನ್ ಫ್ಯಾಡಿಮನ್ ಎಂಬ ಲೇಖಕಿ 1997ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾಳೆ. ಲಾವೋಸಿನಿಂದ ಬಂದ ಹ್ಮಾಂಗ್ ಜನಾಂಗದ ದಂಪತಿಗಳು 1982ರಲ್ಲಿ ತಮ್ಮ ಹಸುಗೂಸನ್ನು ಕ್ಯಾಲಿಫೋರ್ನಿಯದ ಮರ್ಸೆಡ್ ಊರಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಮಗುವಿಗೆ ಅಪಸ್ಮಾರ. ಆಸ್ಪತ್ರೆ ತಲಪುವಷ್ಟರಲ್ಲಿ ಸೆಳವು ನಿಂತಿತ್ತು. ನಡೆದುದನ್ನು ಹೇಳಲು ಮಾತಿರಲಿಲ್ಲ. ಎದೆಯ ಸೋಂಕೆಂದು ಬಗೆದು ಔಷಧಿ ಕೊಟ್ಟು ಕಳುಹಿಸಿದರು. ಎರಡನೆಯ ಸಲವೂ ಹಾಗೆಯೇ ಆಯಿತು. 1983ರ ಮಾರ್ಚಿಯಲ್ಲಿ, ವೈದ್ಯರ ಕಣ್ಣೆದುರಿಗೇ ಮಗು ಸೆಳವಿನಿಂದ ನಡುಗುತ್ತಿದ್ದಾಗ, ನಿಜವಾದ ರೋಗ ಹೊರಬಿದ್ದಿತು. ವೈದ್ಯರು ದುಷ್ಟರಾಗಿರಲಿಲ್ಲ, ತಂದೆತಾಯಿಗಳು ಅಲಕ್ಷ್ಯ ಮಾಡಿರಲಿಲ್ಲ. ನಡುವೆ ಒಂದು ನಾಲಗೆಯಿರಲಿಲ್ಲ, ಅಷ್ಟೆ.

ಅನೇಕ ಮನೆಗಳಲ್ಲಿ ಆ ನಾಲಗೆಯ ಭಾರ ಬೀಳುವುದು ಶಾಲೆಗೆ ಹೋಗುವ ಮಗುವಿನ ಮೇಲೆ. ತಾಯಿಗೆ ಅರ್ಬುದವೆಂಬ ಸುದ್ದಿಯನ್ನು ಹತ್ತು ವರ್ಷದ ಹುಡುಗಿಯ ಬಾಯಿಂದಲೇ ತಾಯಿಗೆ ಹೇಳಿಸುವುದುಂಟೇ? ತುರ್ತುಸಮಯದ ಹೊರತು ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು 2016ರ ಸರ್ಕಾರಿ ನಿಯಮವೊಂದು ವಿಧಿಸಿತು. ಇಂಗ್ಲಿಷ್ ಬಾರದವರಿಗೆ ನೆರವಾಗಬೇಕೆಂದು 2000ದಲ್ಲಿ ಹೊರಟಿದ್ದ ಅಧ್ಯಕ್ಷರ ಆಜ್ಞೆಯಾದರೋ 2025ರ ಮಾರ್ಚಿಯಲ್ಲಿ ರದ್ದಾಯಿತು. ಅದೇ ದಿನ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಲಾಯಿತು.

ಕಿವಿಗೊಟ್ಟು ಕೇಳುವವರಿದ್ದರೆ ಹೊಸ ತಿಳಿವೂ ಹುಟ್ಟುತ್ತದೆ. ಉಗುರಿಗೆ ಬಣ್ಣ ಹಚ್ಚುವ ಅಂಗಡಿಗಳಲ್ಲಿ ದುಡಿಯುತ್ತಿದ್ದ ವಿಯೆಟ್ನಾಮೀ ಹೆಂಗಸರು ತಲೆನೋವು, ಉಸಿರಾಟದ ತೊಂದರೆಗಳನ್ನು ತಮ್ಮ ಭಾಷೆಯಲ್ಲಿಯೇ ಹೇಳಿಕೊಂಡರು. ಟಾಲ್ವೀನ್, ಫಾರ್ಮಾಲ್ಡಿಹೈಡ್ ಮುಂತಾದ ರಾಸಾಯನಿಕಗಳ ಮೇಲೆ ದೃಷ್ಟಿ ಬಿದ್ದಿತು. ಓಕ್‌ಲ್ಯಾಂಡಿನ ಕೇಂದ್ರದ ಮುಂದಾಳುತನದಲ್ಲಿ 2005ರಲ್ಲಿ ಆ ಕೆಲಸಗಾರರ ಆರೋಗ್ಯಕ್ಕಾಗಿ ಒಂದು ಒಕ್ಕೂಟವೇ ಏರ್ಪಟ್ಟಿತು.

ಅಲ್ಲಿ ಕೆಲವು ತಿಂಗಳು ಕಳೆದ ವಿದ್ಯಾರ್ಥಿ ಮುಂದೆ ವೈದ್ಯನಾಗಬಹುದು, ಆಗದೆಯೂ ಇರಬಹುದು. ಒಂದು ಸಂಗತಿಯನ್ನಂತೂ ಕಲಿತಿರುತ್ತಾನೆ: ಅಡಿಗೆಮನೆಯಲ್ಲಿ ಅವ್ವನಿಂದ ಕಲಿತ, ಶಾಲೆಯಲ್ಲಿ ಆಡಲು ನಾಚುತ್ತಿದ್ದ ಆ ನುಡಿ, ಒಂದು ಜೀವವನ್ನು ಉಳಿಸಲು ಬೇಕಾಗುತ್ತದೆ.