ಕಡತಕ್ಕೂ ಆಯುಷ್ಯವಿದೆ: ಸರ್ಕಾರಿ ದಾಖಲೆಗಳ ರಕ್ಷಣೆ ಮತ್ತು ನಾಶ

ಸರ್ಕಾರಿ ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಹೊಸದೇನಲ್ಲ. ಈ ಎರಡು ಪದಗಳಿಂದ ದಶಕಗಳ ಹಿಂದೆ ಮಂಜೂರಾದ ಜಮೀನಿನ ಪೋಡಿ ನಿಂತುಹೋಗಬಹುದು. ನಿವೃತ್ತ ನೌಕರನ ಪಿಂಚಣಿ ತಡವಾಗಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆಯಡಿ ಬರುವ ಪ್ರಕರಣಗಳಲ್ಲಂತೂ ಮೂಲ ಮಂಜೂರಾತಿ ಆದೇಶ ಮತ್ತು ಅದರ ಷರತ್ತುಗಳೇ ವಾದದ ಬುನಾದಿ. ಕಡತ ನಿಜವಾಗಿಯೂ ಕಳೆದಿದೆಯೇ, ನಿಯಮಾನುಸಾರ ನಾಶವಾಗಿದೆಯೇ ಅಥವಾ ಯಾರೂ ಹುಡುಕಿಲ್ಲವೇ ಎಂಬುದನ್ನು ಅರಿಯಬೇಕಾದರೆ ದಾಖಲೆಗಳ ನಿರ್ವಹಣೆಯ ಕ್ರಮವನ್ನು ತಿಳಿಯಬೇಕು.

ಐದು ವರ್ಗಗಳು

ಕಚೇರಿಯ ಮಾತಿನಲ್ಲಿ ‘ವಿಲೇವಾರಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕಡತದಲ್ಲಿನ ವಿಷಯ ಇತ್ಯರ್ಥವಾಗುವುದು ಮೊದಲನೆಯದು. ಅವಧಿ ಮುಗಿದ ಕಾಗದವನ್ನು ನಾಶಪಡಿಸುವುದು ಎರಡನೆಯದು. ಇವೆರಡರ ನಡುವಿನ ಕಾಲವೇ ಸಂರಕ್ಷಣಾ ಅವಧಿ. ವಿಷಯ ಮುಕ್ತಾಯಗೊಂಡ ಕಡತಕ್ಕೆ ವರ್ಗವನ್ನು ನಮೂದಿಸಿ ಅಭಿಲೇಖಾಲಯಕ್ಕೆ ಕಳುಹಿಸಬೇಕು. ಕರ್ನಾಟಕದ ಕಚೇರಿಗಳಲ್ಲಿ ರೂಢಿಯಲ್ಲಿರುವ ಪದ್ಧತಿಯಂತೆ ‘ಎ’ ವರ್ಗದ ಕಡತಗಳು ಶಾಶ್ವತ. ‘ಬಿ’ ವರ್ಗಕ್ಕೆ 30 ವರ್ಷ, ‘ಸಿ’ ವರ್ಗಕ್ಕೆ 10, ‘ಡಿ’ ವರ್ಗಕ್ಕೆ 5 ಹಾಗೂ ‘ಇ’ ವರ್ಗಕ್ಕೆ 1 ವರ್ಷದ ಅವಧಿ ಇದೆ.

ತೊಂದರೆ ಹುಟ್ಟುವುದು ಇಲ್ಲಿಯೇ. ವರ್ಗ ನಮೂದಿಸದ ಕಡತವನ್ನು ಇಟ್ಟುಕೊಳ್ಳಬೇಕೋ ನಾಶಪಡಿಸಬೇಕೋ ಯಾರಿಗೂ ತಿಳಿಯದು. ಅದು ವರ್ಷಗಟ್ಟಲೆ ಧೂಳು ತಿನ್ನುತ್ತದೆ. ಅನಂತರ ಒಂದು ದಿನ ಜಾಗದ ಅಭಾವದಿಂದ ಬೇಕಾದದ್ದೂ ಬೇಡವಾದದ್ದೂ ಒಂದೇ ಗಂಟಿನಲ್ಲಿ ಹೊರಬೀಳುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳುವ ಕಚೇರಿ ಕೊನೆಗೆ ಏನನ್ನೂ ಹುಡುಕಲಾರದು.

ನಾಶಕ್ಕೂ ನಿಯಮ

ಕೇಂದ್ರ ಸರ್ಕಾರದ ಇಲಾಖೆಗಳಿಗೂ ಎಚ್‌ಎಎಲ್, ಬಿಇಎಲ್‌ನಂತಹ ಕೇಂದ್ರೋದ್ಯಮಗಳಿಗೂ ಅನ್ವಯಿಸುವುದು 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ. ಇದರಂತೆ ಪ್ರತಿ ಸಂಸ್ಥೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು. ದಾಖಲೆ ಅನಧಿಕೃತವಾಗಿ ನಾಶವಾದರೆ ಅಥವಾ ತಿದ್ದಲ್ಪಟ್ಟರೆ ಅದರ ಮರುಸ್ಥಾಪನೆಗೆ ಕ್ರಮ ಕೈಗೊಳ್ಳುವುದು ಆ ಅಧಿಕಾರಿಯ ಹೊಣೆ. 1892ಕ್ಕಿಂತ ಹಿಂದಿನ ದಾಖಲೆಗಳನ್ನು, ಅವು ಬಳಕೆಗೆ ಬಾರದಷ್ಟು ಹಾಳಾಗಿದ್ದಲ್ಲದೆ, ನಾಶಪಡಿಸುವಂತಿಲ್ಲ. ನಿಯಮ ಮೀರಿ ದಾಖಲೆ ನಾಶಪಡಿಸಿದವರಿಗೆ 5 ವರ್ಷಗಳವರೆಗೆ ಸೆರೆವಾಸ, ರೂ. 10,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕರ್ನಾಟಕವೂ 2010ರಲ್ಲಿ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು ರೂಪಿಸಿತು.

1997ರ ಕೇಂದ್ರ ನಿಯಮಗಳು ನಾಶದ ವಿಧಾನವನ್ನೂ ಹೇಳುತ್ತವೆ. ಮೊದಲು ಪರಿಶೀಲನೆ, 25 ವರ್ಷ ದಾಟಿದ ದಾಖಲೆಯಾದರೆ ಅದರ ಮೌಲ್ಯನಿರ್ಣಯ ಕಡ್ಡಾಯ. ಬಳಿಕ ಪಟ್ಟಿಯ ತಯಾರಿ, ಅನಂತರವೇ ದಾಖಲೆ ಅಧಿಕಾರಿಯ ಸಮ್ಮುಖದಲ್ಲಿ ಚೂರು ಮಾಡುವುದು ಅಥವಾ ಸುಡುವುದು. ಕಾಗದ ಬೂದಿಯಾದರೂ ನಾಶವಾದವುಗಳ ಪಟ್ಟಿ ಮಾತ್ರ ಶಾಶ್ವತವಾಗಿ ಉಳಿಯಬೇಕು. ಪ್ರಾಮಾಣಿಕ ನಾಶಕ್ಕೂ ಸಾಕ್ಷ್ಯನಾಶಕ್ಕೂ ಇರುವ ಅಂತರ ಈ ಪಟ್ಟಿಯಲ್ಲಿದೆ.

ಗಣಕೀಕರಣ ಸಾಕೇ?

‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಬಂದವು. ಆದರೆ ಮಂಜೂರಾತಿ ಕಡತ, ಸಾಗುವಳಿ ಚೀಟಿ ವಹಿ ಮುಂತಾದ ಹಳೆಯ ಮೂಲ ದಾಖಲೆಗಳು ಕಾಗದದಲ್ಲೇ ಉಳಿದಿದ್ದವು. ಅವನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡಿತು. ಇದು ಸ್ವಾಗತಾರ್ಹ. ಆದರೆ ಸೂಚಿ ಸರಿಯಿಲ್ಲದ ಸ್ಕ್ಯಾನ್ ಪ್ರತಿ, ಕೊಠಡಿಯಲ್ಲಿ ಕಳೆದ ಕಡತದಷ್ಟೇ ನಿರುಪಯುಕ್ತ. ಅಲ್ಲದೆ ಕಾಗದವನ್ನು ತಿದ್ದಿದರೆ ಶಾಯಿ, ಸಹಿ, ಹಾಳೆಯ ಹಳಮೆ ಸಾಕ್ಷಿ ನುಡಿಯುತ್ತವೆ. ಬಿಂಬದಲ್ಲಿ ಆ ಸಾಕ್ಷಿ ದೊರೆಯದು. ಆದ್ದರಿಂದ ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ ಶಾಶ್ವತ ವರ್ಗದ ಮೂಲ ಕಡತವನ್ನು ಕೈಬಿಡುವುದು ವಿವೇಕವಲ್ಲ.

ನಾಗರಿಕರು ಕೇಳಬೇಕಾದದ್ದು

2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣವು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚೀಕರಿಸಿ ಇಡಬೇಕೆಂದು ವಿಧಿಸುತ್ತದೆ. ಕೋರಿದ ಮಾಹಿತಿಯನ್ನು ನಾಶಪಡಿಸಿದ ಅಧಿಕಾರಿಗೆ ರೂ. 25,000ದವರೆಗೆ ದಂಡ ಬೀಳಬಹುದು. ಒಮ್ಮೆ ಇದ್ದ ಮಾಹಿತಿಯನ್ನು ಈಗ ಸಿಗುತ್ತಿಲ್ಲವೆಂದಷ್ಟೇ ಹೇಳಿ ನಿರಾಕರಿಸಲಾಗದು, ಹುಡುಕುವ ಪೂರ್ಣ ಪ್ರಯತ್ನ ನಡೆಯಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಸ್ಪಷ್ಟಪಡಿಸಿದೆ.

ಆದ್ದರಿಂದ ‘ಲಭ್ಯವಿಲ್ಲ’ ಎಂಬ ಉತ್ತರ ಬಂದಾಗ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬಹುದು. ಕಡತ ಯಾವ ವರ್ಗದ್ದು? ಅಭಿಲೇಖಾಲಯದ ವಹಿಯಲ್ಲಿ ಅದು ಯಾವ ದಿನ ದಾಖಲಾಗಿದೆ, ಕೊನೆಯದಾಗಿ ಯಾರು ಪಡೆದಿದ್ದಾರೆ? ನಾಶವಾಗಿದ್ದರೆ ನಾಶಪಡಿಸಿದ ಪಟ್ಟಿ ಮತ್ತು ಆದೇಶದ ಪ್ರತಿ ಎಲ್ಲಿ? ಮೂರಕ್ಕೂ ಉತ್ತರವಿಲ್ಲವಾದರೆ, ಅಲ್ಲಿ ಕಳೆದಿರುವುದು ಕಡತವಷ್ಟೇ ಅಲ್ಲ, ಹೊಣೆಗಾರಿಕೆಯೂ ಹೌದು.